ಮೇಲ್ಮೈ ಮೇಲಿನ ಡೆಂಡ್ರಿಮರ್ ಗುಂಪುಗಳನ್ನ ನೋಡೋಕೆ ಎಎಫ್‌ಎಂ, ಟಿಇಎಂ, ಎಸ್‌ಇಎಂ, ಫ್ಲೂರೋಸೆನ್ಸ್: ನಿಮ್ಮ ಸ್ಯಾಂಪಲ್‌ಗೆ ಯಾವುದು?

ಕವಲು ಕವಲಾಗಿ ಬೆಳೆದಿರೋ ಪಾಲಿಮರ್‌ಗಳು ಒಂದು ಮೇಲ್ಮೈ ಮೇಲೆ ಕೂತಾಗ ಹೇಗೆ ಗುಂಪು ಕಟ್ಕೋತವೆ ಅಂತ ನೋಡೋಕೆ ಹೊರಟವರೆಲ್ಲ, ಎಂಎಸ್ಸಿ ಪ್ರಾಜೆಕ್ಟ್‌ನವರಾಗ್ಲಿ ಪಿಎಚ್‌ಡಿ ಶುರು ಮಾಡಿದವರಾಗ್ಲಿ, ಮೊದಲು ಕೇಳೋದು ಯಾವ ಮೈಕ್ರೋಸ್ಕೋಪ್ ಬುಕ್ ಮಾಡ್ಲಿ ಅಂತ. ನನ್ನ ಪ್ರಕಾರ ಅದಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆ ಇದೆ, ಅದಕ್ಕೆ ಉತ್ತರ ಸಿಕ್ರೆ ಮೈಕ್ರೋಸ್ಕೋಪ್ ಅರ್ಧ ತಾನಾಗೇ ಆಯ್ಕೆ ಆಗೋಗತ್ತೆ. ನೀವು ನೋಡ್ತಿರೋ ಗುಂಪು ಹುಟ್ಟಿದ್ದು ಎಲ್ಲಿ? ಬಾಟಲಿಯೊಳಗೆ ದ್ರಾವಣದಲ್ಲೇ ಗುಂಪಾಗಿ ಆಮೇಲೆ ಬಂದು ಮೇಲ್ಮೈಗೆ ಅಂಟ್ಕೊಂಡಿತಾ, ಒಂದೊಂದೇ ಅಣು ಬಂದು ಕೂತು ಮೇಲ್ಮೈ ಮೇಲೇ ಪಕ್ಕಪಕ್ಕ ಸೇರ್ಕೊಂಡ್ವಾ, ಇಲ್ಲಾ ನೀರು ಒಣಗೋವಾಗ ಕೊನೇ ಕೆಲವು ಸೆಕೆಂಡ್‌ಗಳಲ್ಲಿ ನೀರಿನ ಸೆಳೆತಕ್ಕೆ ಸಿಕ್ಕಿ ಒಂದ್ಕಡೆ ಗುಡ್ಡೆಯಾದ್ವಾ? ಮೂರೂ ಫೋಟೋದಲ್ಲಿ ಒಂದೇ ಥರ ಕಾಣಬಹುದು, ಆದ್ರೆ ಮೂರೂ ಬೇರೆ ಬೇರೆ ವಿಜ್ಞಾನ.

ನಡುವಿನಿಂದ ಹೊರಕ್ಕೆ ಪದರ ಪದರವಾಗಿ, ಲೆಕ್ಕದ ಪ್ರಕಾರ ಕವಲೊಡೆದ ಪಾಲಿಮರ್‌ಗೆ ಡೆಂಡ್ರಿಮರ್ ಅಂತಾರೆ; ಮಾತು ಹಿಡಿತದಲ್ಲಿರ್ಲಿ ಅಂತ ಪಮಾಮ್ (ಪಾಲಿಅಮಿಡೋಅಮೀನ್) ಡೆಂಡ್ರಿಮರನ್ನೇ ಉದಾಹರಣೆ ತಗೋತೀನಿ. ಡೊನಾಲ್ಡ್ ಟೊಮಾಲಿಯಾ ಅವರ ತಂಡ ಅಮೆರಿಕದ ಡೌ ಕೆಮಿಕಲ್‌ನಲ್ಲಿ ಇದನ್ನ ಬೆಳೆಸಿ 1985ರಲ್ಲಿ ಪ್ರಕಟಿಸಿತು, ಇವತ್ತು ರೆಡಿಮೇಡ್ ಆಗಿ ಬಾಟಲಿಯಲ್ಲಿ ಸಿಗತ್ತೆ. ಮೇಲ್ಮೈ ಅಧ್ಯಯನಕ್ಕೆ ಇದು ಒಳ್ಳೇದು ಯಾಕಂದ್ರೆ ಪ್ರತಿ ತಲೆಮಾರಿಗೂ, ಅಂದ್ರೆ ಜನರೇಷನ್‌ಗೂ, ಅಳತೆ ಗೊತ್ತಿದೆ. ನಾಲ್ಕನೇ ಜನರೇಷನ್, ಜಿ4 ಅಂತೀವಲ್ಲ, ಅದರ ಹೊರಮೈಯಲ್ಲಿ 64 ಅಮೀನ್ ತುದಿಗಳು, ಅಣುತೂಕ ಸುಮಾರು 14,200, ದ್ರಾವಣದಲ್ಲಿ ವ್ಯಾಸ ಸುಮಾರು 4.5 ನ್ಯಾನೋಮೀಟರ್. ಜಿ10ಕ್ಕೆ ಹೋದ್ರೆ 4,096 ತುದಿ, ವ್ಯಾಸ 13.5 ನ್ಯಾನೋಮೀಟರ್ ಹತ್ತಿರ. ಹೀಗೆ ಒಂದು ಅಣುವಿನ ಗಾತ್ರ ಮೊದಲೇ ಗೊತ್ತಿದ್ರೆ ಎದುರಿಗಿರೋ ಗುಡ್ಡೆಯಲ್ಲಿ ಎಷ್ಟು ಅಣು ಇರಬಹುದು ಅಂತ ಲೆಕ್ಕ ಹಾಕೋಕಾಗತ್ತೆ. ಕ್ರಮವಿಲ್ಲದೆ ಕವಲೊಡೆದ ಹೈಪರ್‌ಬ್ರಾಂಚ್ಡ್ ಪಾಲಿಮರ್ ಆದ್ರೆ ಈ ಅನುಕೂಲ ಇಲ್ಲ, ಅಲ್ಲಿ ಅಣುಗಳ ಗಾತ್ರವೇ ಒಂದೊಂದು ಒಂದೊಂದು ಥರ, ಹಾಗಾಗಿ ಒಂದು ದೊಡ್ಡ ಉಬ್ಬು ಕಂಡ್ರೆ ಅದು ಒಂದೇ ದೊಡ್ಡ ಅಣುವೋ ಎರಡು ಚಿಕ್ಕ ಅಣುವೋ ಅಂತ ಬರೀ ಚಿತ್ರ ನೋಡಿ ಹೇಳೋದು ಕಷ್ಟ.

ಮೈಕ್ರೋಸ್ಕೋಪ್ ಹತ್ರ ಹೋಗೋ ಮುಂಚೆ ಒಂದು ಲೆಕ್ಕ

ಇದನ್ನ ಯಾರೂ ಬಿಡಬೇಡಿ ದಯವಿಟ್ಟು. ಜಿ4 ಅಣುಗಳನ್ನ ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ ಒತ್ತೊತ್ತಾಗಿ ಒಂದೇ ಪದರ ಜೋಡಿಸಿದ್ರೆ ಎಷ್ಟು ತೂಕ ಬೇಕು ಗೊತ್ತಾ? ಒಂದು ಅಣು ಸುಮಾರು 16 ಚದರ ನ್ಯಾನೋಮೀಟರ್ ಜಾಗ ಹಿಡಿಯತ್ತೆ ಅಂದ್ಕೊಂಡ್ರೆ, ಸುಮಾರು ಆರು ಲಕ್ಷ ಕೋಟಿ ಅಣು ಹಿಡಿಯತ್ತೆ, ತೂಕ ಮಾಡಿದ್ರೆ ಬರೀ 0.15 ಮೈಕ್ರೋಗ್ರಾಂ. ಈಗ ಒಂದು ಎಂಎಲ್‌ಗೆ ಒಂದು ಮಿಲಿಗ್ರಾಂ ದ್ರಾವಣ ಮಾಡ್ಕೊಂಡು ಅದರಲ್ಲಿ 10 ಮೈಕ್ರೋಲೀಟರ್ ಹನಿ ಬಿಟ್ಟು ಒಣಗಿಸಿದ್ರಿ ಅಂದ್ರೆ ನೀವು ಅಲ್ಲಿಟ್ಟಿದ್ದು 10 ಮೈಕ್ರೋಗ್ರಾಂ, ಅಂದ್ರೆ ಅರವತ್ತಕ್ಕೂ ಹೆಚ್ಚು ಪದರಕ್ಕಾಗೋಷ್ಟು ಮಾಲು. ಅದನ್ನ ಯಾವ ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ರೂ ಗುಡ್ಡೆಗಳೇ ಕಾಣೋದು, ಮತ್ತೆ ಆ ಗುಡ್ಡೆಗಳಿಗೂ ಅಣುಗಳ ನಡುವಿನ ಸೆಳೆತಕ್ಕೂ ಸಂಬಂಧವೇ ಇಲ್ಲದೆ ಇರಬಹುದು. ಲೋಟದ ಕೆಳಗೆ ಒಣಗಿದ ಕಾಫಿ ಕಲೆಗೆ ಅಂಚಿನಲ್ಲಿ ಮಾತ್ರ ದಪ್ಪ ಗೆರೆ ಇರತ್ತಲ್ಲ, ಹನಿಯೊಳಗಿನ ಹರಿವು ಕಣಗಳನ್ನೆಲ್ಲ ಅಂಚಿಗೆ ತಳ್ಳಿರತ್ತೆ, ಇಲ್ಲೂ ಅದೇ ಆಗತ್ತೆ. ಹಾಗಾಗಿ ಒಂದು ಎಂಎಲ್‌ಗೆ 0.001ರಿಂದ 0.01 ಮಿಲಿಗ್ರಾಂ ಮಟ್ಟಕ್ಕೆ ಇಳಿಸಿ, ಹನಿಯನ್ನ ಒಂದೆರಡು ನಿಮಿಷ ಬಿಟ್ಟು, ಒಣಗೋಕೆ ಬಿಡದೆ ಶುದ್ಧ ನೀರಲ್ಲಿ ತೊಳೆದು, ಆಮೇಲೆ ನೈಟ್ರೋಜನ್ ಗಾಳಿ ಬಿಟ್ಟು ಒಣಗಿಸಿ. ತೊಳೆದಾಗ ಉಳಿದಿದ್ದು ನಿಜವಾಗ್ಲೂ ಮೇಲ್ಮೈಗೆ ಅಂಟ್ಕೊಂಡಿದ್ದು ಅಂತ ನಂಬಬಹುದು.

ಎಎಫ್‌ಎಂ: ನನ್ನ ಮೊದಲ ಆಯ್ಕೆ, ಆದ್ರೆ ಅಗಲ ನಂಬಬೇಡಿ

ಬಿನ್ನಿಗ್, ಕ್ವೇಟ್, ಗರ್ಬರ್ ಮೂವರೂ 1986ರಲ್ಲಿ ಕೊಟ್ಟ ಈ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್, ಅಂದ್ರೆ ಟಿಪ್ ಅನ್ನೋ ಚೂಪು ಸೂಜಿಯಿಂದ ಮೇಲ್ಮೈಯನ್ನ ತಡವಿ ಚಿತ್ರ ಕಟ್ಟೋ ಯಂತ್ರ, ಈ ಕೆಲಸಕ್ಕೇ ಹೇಳಿ ಮಾಡಿಸಿದ ಹಾಗಿದೆ. ಎಲೆಕ್ಟ್ರಾನ್ ಬೇಡ, ಲೋಹದ ಲೇಪ ಬೇಡ, ಬಣ್ಣ ಹಾಕೋದು ಬೇಡ, ಗಾಳಿಯಲ್ಲೂ ನಡೆಯತ್ತೆ ನೀರೊಳಗೂ ನಡೆಯತ್ತೆ, ಮುಖ್ಯವಾಗಿ ಎತ್ತರವನ್ನ ನ್ಯಾನೋಮೀಟರ್‌ನ ಹತ್ತನೇ ಒಂದು ಭಾಗದ ಮಟ್ಟಕ್ಕೆ ಹೇಳತ್ತೆ. ಗುಂಪು ಒಂದೇ ಪದರವಾ ಎರಡು ಪದರವಾ ಅನ್ನೋದು ಎತ್ತರದಿಂದಲೇ ಗೊತ್ತಾಗೋದು, ಅದನ್ನ ಇಷ್ಟು ಸಲೀಸಾಗಿ ಕೊಡೋದು ಬೇರೆ ಯಾವುದೂ ಇಲ್ಲ.

ಆದ್ರೆ ಅಗಲದ ವಿಷಯದಲ್ಲಿ ಎಎಫ್‌ಎಂ ಕೈ ಕೊಡತ್ತೆ. ಸಾಮಾನ್ಯ ಸಿಲಿಕಾನ್ ಟಿಪ್‌ನ ತುದಿ ತ್ರಿಜ್ಯ 10 ನ್ಯಾನೋಮೀಟರ್ ಹತ್ತಿರ ಇರತ್ತೆ, ಅಂದ್ರೆ ನೋಡೋ ಅಣುಗಿಂತ ನೋಡೋ ಸೂಜಿನೇ ದಪ್ಪ. ಗೋಳದಂತ ಕಣಕ್ಕೆ ಕಾಣೋ ಅಗಲ ಹೆಚ್ಚುಕಮ್ಮಿ, ಟಿಪ್ ತ್ರಿಜ್ಯವನ್ನ ಕಣದ ತ್ರಿಜ್ಯದಿಂದ ಗುಣಿಸಿ ವರ್ಗಮೂಲ ತೆಗೆದು ನಾಲ್ಕರಿಂದ ಗುಣಿಸಿದಷ್ಟು. ಜಿ4ಗೆ ಹಾಕಿ ನೋಡಿ, 4.5 ನ್ಯಾನೋಮೀಟರ್ ಇರೋದು 19 ಆಗಿ ಕಾಣತ್ತೆ. ಇದನ್ನ ನೋಡಿ ನಾಲ್ಕೈದು ಅಣು ಸೇರಿದ ಗುಂಪು ಅಂತ ಬರೆದುಬಿಟ್ರೆ ಇಡೀ ತೀರ್ಮಾನ ತಪ್ಪು ದಾರಿ ಹಿಡಿಯತ್ತೆ. ಗುಂಪು ಹೌದೋ ಅಲ್ವೋ ಅಂತ ಹೇಳೋಕೆ ಒಳ್ಳೇ ದಾರಿ ಅಂದ್ರೆ ಗಾತ್ರ, ಅಂದ್ರೆ ವಾಲ್ಯೂಮ್, ಅದನ್ನೂ ನೇರವಾಗಿ ನಂಬದೆ ಅದೇ ಚಿತ್ರದಲ್ಲಿ ಒಂಟಿಯಾಗಿ ಕೂತಿರೋ ಅಣುಗಳ ವಾಲ್ಯೂಮ್ ಜೊತೆ ಹೋಲಿಸಿ ನೋಡೋದು. ನೂರಾರು ಉಬ್ಬುಗಳ ವಾಲ್ಯೂಮ್‌ನ ಹಿಸ್ಟೋಗ್ರಾಂ ಹಾಕಿದಾಗ ಒಂದರ ಹತ್ತಿರ, ಎರಡರ ಹತ್ತಿರ, ಮೂರರ ಹತ್ತಿರ ಅಂತ ಬೇರೆ ಬೇರೆ ಶಿಖರ ಕಂಡ್ರೆ ಆಗ ಧೈರ್ಯವಾಗಿ ಹೇಳಬಹುದು.

ಇನ್ನೊಂದು, ಎತ್ತರನೂ ಬಾಟಲಿ ಮೇಲಿರೋ ವ್ಯಾಸಕ್ಕೆ ಸಮ ಇರಲ್ಲ. ಅಮೀನ್ ತುದಿಗಳು ತಟಸ್ಥ ಪಿಹೆಚ್‌ನಲ್ಲಿ ಧನ ಆವೇಶ ಹೊತ್ತಿರ್ತವೆ, ನೀರಿನಲ್ಲಿ ಮೈಕಾ (ಕಾಗೆಬಂಗಾರ) ಋಣ ಆವೇಶದ್ದು, ಹಾಗಾಗಿ ಅಣು ಬಂದು ಅಪ್ಪಿಕೊಂಡು ಚಪ್ಪಟೆಯಾಗತ್ತೆ. 2000ದಲ್ಲಿ ಟೊಮಾಲಿಯಾ ಅವರೂ ಸೇರಿದ್ದ ತಂಡ ಜಿ5ರಿಂದ ಜಿ10ರವರೆಗೆ ಮೈಕಾ ಮೇಲೆ ಎಎಫ್‌ಎಂನಲ್ಲಿ ನೋಡಿದಾಗ ಕಂಡಿದ್ದು ಗೋಳವಲ್ಲ, ಗುಮ್ಮಟದಂತ ಆಕಾರ. ಚಿನ್ನದ ಮೇಲೂ ಹೀಗೇ, 1998ರಲ್ಲಿ ಜಿ4 ಮತ್ತು ಜಿ8 ಚಿನ್ನದ ಮೇಲೆ ಚಪ್ಪಟೆಯಾಗಿ ಕೂತಿದ್ದನ್ನ ತೋರಿಸಿದ್ರು, ಅದೇ ಮೇಲ್ಮೈಗೆ ಉದ್ದ ಸರಪಳಿಯ ಥಯಾಲ್ (ಚಿನ್ನಕ್ಕೆ ಗಟ್ಟಿಯಾಗಿ ಅಂಟೋ ಗಂಧಕದ ತುದಿಯ ಅಣು) ಹಾಕಿದಾಗ ಥಯಾಲ್ ಜಾಗ ಕಿತ್ಕೊಂಡು ಡೆಂಡ್ರಿಮರನ್ನ ಎದ್ದು ನಿಲ್ಲೋ ಹಾಗೆ ಮಾಡ್ತು, ಎತ್ತರ ಹೆಚ್ಚಾಯ್ತು. ಹಾಗಾಗಿ ಎತ್ತರ ಜಾಸ್ತಿ ಆಯ್ತು ಅಂದ ತಕ್ಷಣ ಒಂದರ ಮೇಲೊಂದು ಕೂತಿದೆ ಅನ್ಕೋಬೇಡಿ, ಅಣುವಿನ ಭಂಗಿ ಬದಲಾಗಿರಬಹುದು. ವಾಲ್ಯೂಮ್ ನೋಡಿ ಅಂತ ಮತ್ತೆ ಮತ್ತೆ ಹೇಳೋದು ಇದಕ್ಕೇ.

ಮೇಲ್ಮೈ ಸೆಳೆತ ಎಷ್ಟು ಜೋರಿರಬಹುದು ಅನ್ನೋಕೆ ನಂಗೆ ತುಂಬ ಇಷ್ಟವಾದ ಉದಾಹರಣೆ ಬಾಟಲ್‌ಬ್ರಷ್ ಪಾಲಿಮರ್‌ಗಳದ್ದು. ಒಂದು ಉದ್ದ ಬೆನ್ನೆಲುಬು, ಅದರ ತುಂಬ ಒತ್ತೊತ್ತಾಗಿ ಪಕ್ಕದ ಸರಪಳಿಗಳು. ಸೆರ್ಗೆಯ್ ಶೈಕೊ, ಮಟ್ಯಾಶೆವ್‌ಸ್ಕಿ ಅವರ ತಂಡಗಳು ಇವನ್ನ ಮೇಲ್ಮೈ ಮೇಲೆ ಹರಡೋಕೆ ಬಿಟ್ಟು ಎಎಫ್‌ಎಂನಲ್ಲಿ ನೋಡ್ತಾ ಹೋದಾಗ, ಪಕ್ಕದ ಸರಪಳಿಗಳು ಮೇಲ್ಮೈ ಮೇಲೆ ಜಾಗಕ್ಕಾಗಿ ತಳ್ಳಾಡಿ ಬೆನ್ನೆಲುಬಿನ ಇಂಗಾಲ-ಇಂಗಾಲ ಬಂಧವೇ ತುಂಡಾಗಿದ್ದು ಕಂಡಿತು, 2006ರಲ್ಲಿ ಪ್ರಕಟ ಆಯ್ತು. ಬರೀ ಮೇಲ್ಮೈಗೆ ಅಂಟಿದ್ದಕ್ಕೇ ರಾಸಾಯನಿಕ ಬಂಧ ಮುರಿಯೋದು! ಒಂದೊಂದೇ ಅಣುವಿನ ಉದ್ದ ಅಳೆದು ಲೆಕ್ಕ ಹಾಕೋ ಸಾಧ್ಯತೆ ಎಎಫ್‌ಎಂ ಕೊಟ್ಟಿದ್ದಕ್ಕೇ ಇದು ಗೊತ್ತಾಗಿದ್ದು, ಸರಾಸರಿ ಮಾತ್ರ ಹೇಳೋ ವಿಧಾನಗಳಲ್ಲಿ ಇದು ಮುಚ್ಚಿಹೋಗ್ತಿತ್ತು.

ಎಎಫ್‌ಎಂ ಒಳಗೇ ಮತ್ತೆ ಆಯ್ಕೆಗಳಿವೆ. ಟಿಪ್ ಸದಾ ಮೇಲ್ಮೈಗೆ ತಾಗಿಕೊಂಡೇ ಹೋಗೋ ಕಾಂಟ್ಯಾಕ್ಟ್ ಮೋಡ್ ಬೇಡ, ಅದು ಅಣುಗಳನ್ನ ಗುಡಿಸ್ಕೊಂಡು ಹೋಗಿ ತಾನೇ ಗುಂಪು ಮಾಡಿಬಿಡತ್ತೆ. ಟಿಪ್ ಮೇಲ್ಮೈಯನ್ನ ತಟ್ಟಿ ತಟ್ಟಿ ಹೋಗೋ ಟ್ಯಾಪಿಂಗ್ ಮೋಡ್ ತಗೊಳ್ಳಿ, ಬಡಿತ ಆದಷ್ಟು ಮೆತ್ತಗಿಡಿ. ಗಾಳಿಯಲ್ಲಾ ನೀರಲ್ಲಾ ಅಂತ ಕೇಳಿದ್ರೆ, ಒಣಗೋವಾಗ ಆದ ಗುಂಪಾ ಅನ್ನೋ ಸಂಶಯ ಇದ್ದ ಕಡೆಯೆಲ್ಲ ನೀರೊಳಗೇ ನೋಡಬೇಕು, ಬೇರೆ ದಾರಿ ಇಲ್ಲ. ನೀರೊಳಗೆ ಕಷ್ಟ ಜಾಸ್ತಿ, ಮೆತ್ತಗಿನ ಕ್ಯಾಂಟಿಲಿವರ್ (ಟಿಪ್ ಹೊತ್ತಿರೋ ತೆಳು ಪಟ್ಟಿ) ಬೇಕು, ಡ್ರಿಫ್ಟ್, ಅಂದ್ರೆ ನೋಡ್ತಿರೋ ಜಾಗ ನಿಧಾನಕ್ಕೆ ಜರುಗೋದು, ಇರತ್ತೆ, ಗಾಳಿಗುಳ್ಳೆ ಸಿಕ್ಕಿಹಾಕ್ಕೊಳತ್ತೆ, ಆದ್ರೆ ಒಂದೇ ಜಾಗವನ್ನ ಮೊದಲು ನೀರಲ್ಲಿ ನೋಡಿ ಆಮೇಲೆ ಅದೇ ಸ್ಯಾಂಪಲನ್ನ ಒಣಗಿಸಿ ನೋಡಿದ್ರೆ ಒಣಗೋದು ಏನು ಮಾಡ್ತು ಅನ್ನೋದು ಕಣ್ಣೆದುರಿಗೇ ಇರತ್ತೆ. ವೇಗ ಮಾತ್ರ ಕಡಿಮೆ, ಸೆಕೆಂಡಿಗೆ ಒಂದು ಗೆರೆ ಅಂದ್ರೆ 512 ಗೆರೆಯ ಒಂದು ಚಿತ್ರಕ್ಕೆ ಎಂಟೂವರೆ ನಿಮಿಷ, ಅಷ್ಟರಲ್ಲಿ ಗುಂಪುಗೂಡೋದೇ ಮುಗಿದಿರಬಹುದು. ಸೆಕೆಂಡಿಗೆ ಹಲವು ಚಿತ್ರ ತೆಗೆಯೋ ಹೈಸ್ಪೀಡ್ ಎಎಫ್‌ಎಂ ಇದೆ, ಜಪಾನಿನ ಕನಝಾವಾ ವಿಶ್ವವಿದ್ಯಾಲಯದ ತೋಶಿಯೊ ಆಂಡೊ ಬೆಳೆಸಿದ್ದು, ಆದ್ರೆ ಅದು ಎಲ್ಲಾ ಕಡೆ ಸಿಗೋ ಯಂತ್ರ ಅಲ್ಲ.

ಟಿಪ್ ಮೊಂಡಾಗಿದ್ಯಾ ಅಂತ ನೋಡೋಕೆ ಸುಲಭ ಉಪಾಯ: ಚಿತ್ರದಲ್ಲಿರೋ ಎಲ್ಲಾ ಉಬ್ಬುಗಳೂ ಒಂದೇ ಆಕಾರ, ಒಂದೇ ದಿಕ್ಕಿಗೆ ಬಾಲ ಇದ್ರೆ ಅದು ಟಿಪ್‌ನ ಫೋಟೋ, ಸ್ಯಾಂಪಲ್‌ದಲ್ಲ. ಸ್ಯಾಂಪಲ್ ತಿರುಗಿಸಿ ಇಟ್ಟು ಮತ್ತೆ ಸ್ಕ್ಯಾನ್ ಮಾಡಿ, ಆಕಾರ ಜೊತೆಗೆ ತಿರುಗದಿದ್ರೆ ಟಿಪ್ ಬದಲಿಸಿ.

ಟಿಇಎಂ: ದ್ರಾವಣದಲ್ಲೇ ಗುಂಪಾಗಿತ್ತಾ ಅಂತ ಕೇಳೋಕೆ

ಟ್ರಾನ್ಸ್‌ಮಿಷನ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನ ರೆಸಲ್ಯೂಷನ್ ಬಗ್ಗೆ ಅನುಮಾನ ಇಲ್ಲ, ಅಡ್ಡಗಲ ಅಳೆಯೋಕೆ ಎಎಫ್‌ಎಂಗಿಂತ ಮೇಲು. ತೊಂದರೆ ಎರಡು. ಇಂಗಾಲ, ಸಾರಜನಕ, ಆಮ್ಲಜನಕದ ಅಣು ಇಂಗಾಲದ ಫಿಲ್ಮ್ ಮೇಲೆ ಕೂತ್ರೆ ಕಾಂಟ್ರಾಸ್ಟ್ ಎಲ್ಲಿಂದ ಬರ್ಬೇಕು, ಹಾಗಾಗಿ ಫಾಸ್ಫೋಟಂಗ್‌ಸ್ಟಿಕ್ ಆಸಿಡ್ ಅಥವಾ ಯುರೇನಿಲ್ ಅಸಿಟೇಟ್ ಥರದ ಭಾರ ಲೋಹದ ಸ್ಟೇನ್ ಹಾಕ್ಬೇಕು. 1998ರಲ್ಲೇ ಈ ಥರ ಸ್ಟೇನ್ ಮಾಡಿ ದೊಡ್ಡ ಜನರೇಷನ್‌ಗಳ ಒಂಟಿ ಅಣುಗಳನ್ನ ತೋರಿಸಿದ್ದಾರೆ, ಜಿ10 ಚೆನ್ನಾಗಿ ಕಾಣತ್ತೆ, ಕೆಳಗಿಳಿದಂಗೆ ಕಷ್ಟ ಆಗ್ತಾ ಹೋಗತ್ತೆ. ಆದ್ರೆ ಫಾಸ್ಫೋಟಂಗ್‌ಸ್ಟಿಕ್ ಆಸಿಡ್ ಆದ್ರೆ ಸ್ಟೇನೇ ಬಹು ಆವೇಶದ ಋಣ ಅಯಾನು, ಧನ ಆವೇಶದ ಡೆಂಡ್ರಿಮರ್‌ಗಳ ನಡುವೆ ಅದೇ ಅಂಟಾಗಿ ನಿಂತು ಗುಂಪು ಕಟ್ಟಿಸಬಹುದು, ಇದನ್ನ ಮರೀಬಾರದು. ಎರಡನೇದು ಇನ್ನೂ ಮುಖ್ಯ: ನೀವು ನೋಡ್ತಿರೋ ಮೇಲ್ಮೈ ಗ್ರಿಡ್ ಮೇಲಿನ ಇಂಗಾಲದ ಫಿಲ್ಮ್, ನಿಮ್ಮ ಮೈಕಾನೂ ಅಲ್ಲ ಚಿನ್ನವೂ ಅಲ್ಲ. ಮೈಕಾ ಮೇಲೆ ಹೇಗೆ ಕೂರತ್ತೆ ಅನ್ನೋ ಪ್ರಶ್ನೆಗೆ ಟಿಇಎಂ ಚಿತ್ರವನ್ನ ಉತ್ತರವಾಗಿ ಕೊಡೋದನ್ನ ಥೀಸಿಸ್‌ಗಳಲ್ಲಿ ನೋಡಿದಾಗೆಲ್ಲ ನಂಗೆ ಬೇಜಾರಾಗತ್ತೆ.

ಹಾಗಂತ ಟಿಇಎಂ ಬೇಡ ಅಂತಲ್ಲ. ಕ್ರಯೋ-ಟಿಇಎಂ ಇದ್ರೆ ದ್ರಾವಣದ ತೆಳು ಪದರವನ್ನ ದ್ರವ ಈಥೇನ್‌ನಲ್ಲಿ ಕ್ಷಣದಲ್ಲಿ ಗಾಜಿನಂತೆ ಹೆಪ್ಪುಗಟ್ಟಿಸಿ ನೋಡಬಹುದು, ಒಣಗೋ ಮಾತೇ ಇಲ್ಲ. ಬಾಟಲಿಯೊಳಗೇ ಗುಂಪಾಗಿತ್ತಾ ಅನ್ನೋ ಪ್ರಶ್ನೆಗೆ ಇದು ತುಂಬ ಪ್ರಾಮಾಣಿಕ ಉತ್ತರ ಕೊಡತ್ತೆ. ಕ್ರಯೋ ಸಿಗದಿದ್ರೆ ಅದೇ ಪ್ರಶ್ನೆಗೆ, ಬೆಳಕು ಚದುರೋದನ್ನ ನೋಡಿ ದ್ರಾವಣದ ಕಣಗಳ ಗಾತ್ರ ಅಳೆಯೋ ಡೈನಾಮಿಕ್ ಲೈಟ್ ಸ್ಕ್ಯಾಟರಿಂಗ್ ಮಾಡಿಸಿ, ಮೈಕ್ರೋಸ್ಕೋಪ್ ಅಲ್ಲದಿದ್ರೂ ಅರ್ಧ ಗಂಟೆಯಲ್ಲಿ ಮುಗಿಯತ್ತೆ, ಬೆಲೆನೂ ಕಡಿಮೆ.

ಎಸ್‌ಇಎಂ: ಅಣುಗೆ ಅಲ್ಲ, ನಕ್ಷೆಗೆ

ಎಸ್‌ಇಎಂ ಅಂದ್ರೆ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್, ಎಲೆಕ್ಟ್ರಾನ್ ಬೀಮನ್ನ ಮೇಲ್ಮೈ ಮೇಲೆ ಓಡಿಸಿ ಚಿತ್ರ ತೆಗೆಯೋದು, ವಿದ್ಯುತ್ ಹರಿಯದ ಸ್ಯಾಂಪಲ್‌ಗೆ ಸಾಮಾನ್ಯವಾಗಿ ಲೋಹದ ಲೇಪ ಹಾಕ್ತಾರೆ. ಜಿ4 ಅಣುವಿನ ಮೇಲೆ ಐದು ನ್ಯಾನೋಮೀಟರ್ ಚಿನ್ನದ ಲೇಪ ಹಾಕಿದ್ರೆ ನೋಡೋದು ಚಿನ್ನದ ಕಾಳುಗಳನ್ನೇ. ಒಂಟಿ ಅಣು, ಚಿಕ್ಕ ಗುಂಪು ನೋಡೋಕೆ ಎಸ್‌ಇಎಂ ಮೇಲೆ ನೆಚ್ಕೊಂಡು ಕೂರಬೇಡಿ. ಆದ್ರೆ ಮೈಕ್ರೋಮೀಟರ್‌ನಿಂದ ಮಿಲಿಮೀಟರ್‌ವರೆಗಿನ ಚಿತ್ರ, ಅಂದ್ರೆ ಗುಂಪುಗಳು ಇಡೀ ಮೇಲ್ಮೈಯಲ್ಲಿ ಎಲ್ಲೆಲ್ಲಿ ಹರಡಿವೆ, ಅಂಚಿನಲ್ಲಿ ಉಂಗುರ ಇದ್ಯಾ, ಮರದ ಕೊಂಬೆ ಥರ ಬೆಳೆದಿರೋ ಫ್ರಾಕ್ಟಲ್‌ಗಳು ಇದಾವಾ, ಇದಕ್ಕೆಲ್ಲ ಎಎಫ್‌ಎಂ ಸ್ಕ್ಯಾನ್ ಜಾಗ ಸಾಲಲ್ಲ, ಅದು ಸಾಮಾನ್ಯವಾಗಿ 100 ಮೈಕ್ರೋಮೀಟರ್ ಒಳಗೇ. ಸಿಲಿಕಾನ್ ಚೂರಿನ ಮೇಲೆ ಸ್ಯಾಂಪಲ್ ಮಾಡಿ, ಲೇಪ ಇಲ್ಲದೆ, ಒಂದು ಕಿಲೋವೋಲ್ಟ್ ಹತ್ತಿರದ ಕಡಿಮೆ ವೋಲ್ಟೇಜ್‌ನಲ್ಲಿ ಫೀಲ್ಡ್ ಎಮಿಷನ್ ಎಸ್‌ಇಎಂನಲ್ಲಿ ನೋಡಿ.

ಫ್ರಾಕ್ಟಲ್ ಕಂಡಾಗ ಎಲ್ರಿಗೂ ಖುಷಿಯಾಗತ್ತೆ, ಚಿತ್ರ ಅಷ್ಟು ಚಂದ ಇರತ್ತೆ. ವಿಟ್ಟನ್ ಮತ್ತು ಸ್ಯಾಂಡರ್ 1981ರಲ್ಲಿ ಕೊಟ್ಟ ಮಾದರಿಯಲ್ಲಿ, ಕಣಗಳು ಅಲೆದಾಡ್ತಾ ಬಂದು ತಾಗಿದಲ್ಲೇ ಅಂಟ್ಕೊಂಡ್ರೆ, ಸಮತಲದಲ್ಲಿ ಬರೋ ಫ್ರಾಕ್ಟಲ್ ಆಯಾಮ 1.71 ಹತ್ತಿರ, ಹಾಗಾಗಿ ತಮ್ಮ ಚಿತ್ರದಲ್ಲೂ ಆ ಸಂಖ್ಯೆ ಬಂದ ತಕ್ಷಣ ಕತೆ ಮುಗೀತು ಅನ್ಕೋತಾರೆ. ತಡೀರಿ. ಬಫರ್‌ನಲ್ಲಿರೋ (ಪಿಹೆಚ್ ಬದಲಾಗದಂತೆ ಹಿಡಿಯೋ ದ್ರಾವಣ) ಉಪ್ಪು ಒಣಗಿದಾಗಲೂ ಇದೇ ಥರ ಕೊಂಬೆ ಕೊಂಬೆಯಾಗಿ ಬೆಳೆಯತ್ತೆ, ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ. ಎಸ್‌ಇಎಂನ ಬೆಲೆ ಇಲ್ಲಿದೆ ನೋಡಿ, ಅದಕ್ಕೇ ಜೋಡಿಸಿರೋ ಎಕ್ಸ್‌ರೇ ಡಿಟೆಕ್ಟರ್‌ನಲ್ಲಿ, ಅದಕ್ಕೆ ಬೇಕಾದಷ್ಟು ವೋಲ್ಟೇಜ್ ಏರಿಸ್ಕೊಂಡು, ಕೊಂಬೆ ಮೇಲೆ ಬೀಮ್ ಇಟ್ಟಾಗ ಸೋಡಿಯಂ, ಕ್ಲೋರಿನ್, ಫಾಸ್ಫರಸ್ ಬಂದ್ರೆ ಅದು ನಿಮ್ಮ ಪಾಲಿಮರ್ ಅಲ್ಲ, ಬಫರ್. ಪಾಲಿಮರ್ ಹಾಕದ ಬರೀ ಬಫರ್‌ನ ಒಂದು ಸ್ಯಾಂಪಲ್ ಕಡ್ಡಾಯವಾಗಿ ಜೊತೆಗೆ ಮಾಡಿ, ಯಾವ ಮೈಕ್ರೋಸ್ಕೋಪ್ ಆದ್ರೂ ಸರಿ.

ಫ್ಲೂರೋಸೆನ್ಸ್ ಮತ್ತೆ ಉಳಿದವು

ಫ್ಲೂರೋಸೆನ್ಸ್ ಅಂದ್ರೆ ಅಣುಗೆ ಹೊಳೆಯೋ ಡೈ ಕಟ್ಟಿ ಬೆಳಕಿನ ಮೈಕ್ರೋಸ್ಕೋಪ್‌ನಲ್ಲಿ ನೋಡೋದು. ಬೆಳಕಿನ ಮೈಕ್ರೋಸ್ಕೋಪ್‌ಗೆ ಸುಮಾರು 200 ನ್ಯಾನೋಮೀಟರ್ ಮಿತಿ, ಅದಕ್ಕಿಂತ ಹತ್ತಿರ ಇರೋ ಎರಡು ಅಣು ಒಂದೇ ಚುಕ್ಕಿ. ಆದ್ರೆ ವೇಗ ಇದೆ, ನೀರೊಳಗೆ ನಡೆಯತ್ತೆ, ಗುಂಪು ಬೆಳೆಯೋದನ್ನ ಸಿನಿಮಾ ಥರ ನೋಡಬಹುದು. ಟಿರ್ಫ್ ಅನ್ನೋ ಬಗೆಯ ಫ್ಲೂರೋಸೆನ್ಸ್ ಮೈಕ್ರೋಸ್ಕೋಪ್ ಇದ್ರೆ ಗಾಜಿನಿಂದ ಸುಮಾರು 100 ನ್ಯಾನೋಮೀಟರ್ ಒಳಗಿರೋದು ಮಾತ್ರ ಬೆಳಗತ್ತೆ, ದ್ರಾವಣದಲ್ಲಿ ತೇಲ್ತಿರೋದು ಅಡ್ಡ ಬರಲ್ಲ, ಎಷ್ಟು ನಿಮಿಷಕ್ಕೆ ಎಷ್ಟು ಬಂದು ಕೂತವು ಅನ್ನೋ ಲೆಕ್ಕಕ್ಕೆ ಇದಕ್ಕಿಂತ ಒಳ್ಳೇದು ಕಮ್ಮಿ. ಬೆಲೆ ತೆರಬೇಕಾದ್ದು ಬಣ್ಣದ ಅಣು ಕಟ್ಟೋದರಲ್ಲಿ, 64 ತುದಿಯಲ್ಲಿ ಹತ್ತಕ್ಕೆ ನೀರಿಗಾಗದ ಡೈ ಕಟ್ಟಿದ್ರೆ ಅಂಟಿಕೊಳ್ಳೋ ಗುಣವೇ ಬದಲಾಗತ್ತೆ, ಅಣುಗೆ ಸರಾಸರಿ ಒಂದೋ ಎರಡೋ ಸಾಕು.

ಪಾಲಿಮರ್ ನೀರಿನ ಮೇಲೇ ಪದರವಾಗಿ ತೇಲತ್ತೆ ಅನ್ನೋದಾದ್ರೆ ಬ್ರೂಸ್ಟರ್ ಆಂಗಲ್ ಮೈಕ್ರೋಸ್ಕೋಪ್ ನೋಡಿ, ಮೈಕ್ರೋಮೀಟರ್ ಗಾತ್ರದ ತುಣುಕುಗಳು ಡೈ ಇಲ್ಲದೇ ಕಾಣ್ತವೆ. ಸೂಜಿಗೂ ಮೇಲ್ಮೈಗೂ ನಡುವೆ ಹರಿಯೋ ವಿದ್ಯುತ್ ಅಳೆದು ಚಿತ್ರ ಕಟ್ಟೋ ಎಸ್‌ಟಿಎಂ ಬಗ್ಗೆ ಜಾಸ್ತಿ ಹೇಳಲ್ಲ, ದಪ್ಪ, ವಿದ್ಯುತ್ ಹರಿಯದ ಡೆಂಡ್ರಿಮರ್‌ಗೆ ಅದು ಸರಿಹೋಗಲ್ಲ.

ಯಾವ ಮೇಲ್ಮೈ?

ಇದು ಮೈಕ್ರೋಸ್ಕೋಪ್ ಆಯ್ಕೆಯಷ್ಟೇ ದೊಡ್ಡದು. ಕಾಗೆಬಂಗಾರ ಅಂತೀವಲ್ಲ ಆ ಮೈಕಾ, ಸೆಲ್ಲೋಟೇಪ್ ಹಚ್ಚಿ ಎಳೆದ್ರೆ ಅಣುಮಟ್ಟಕ್ಕೆ ಸಪಾಟಾದ ಹೊಸ ಮೈ ಸಿಗತ್ತೆ, ಧನ ಆವೇಶದ ಪಾಲಿಮರ್‌ಗೆ ಇದೇ ಮೊದಲು. ನೀರಿಗಾಗದ ಗ್ರಾಫೈಟ್ ಮೇಲೆ ಅದೇ ಡೆಂಡ್ರಿಮರ್ ಅಷ್ಟು ಬಿಗಿಯಾಗಿ ಅಂಟಲ್ಲ, ಒಣಗೋವಾಗ ಜರುಗಿ ಮೆಟ್ಟಿಲಂಚುಗಳಲ್ಲಿ ಸಾಲುಗಟ್ಟಬಹುದು. ಎಸ್‌ಇಎಂ, ಎಎಫ್‌ಎಂ ಎರಡೂ ಒಂದೇ ಸ್ಯಾಂಪಲ್ ಮೇಲೆ ಬೇಕಂದ್ರೆ ಸಿಲಿಕಾನ್, ಫ್ಲೂರೋಸೆನ್ಸ್‌ಗೆ ಕವರ್‌ಸ್ಲಿಪ್ ಗಾಜು, ಆದ್ರೆ ಗಾಜು ಉಬ್ಬುತಗ್ಗು ಜಾಸ್ತಿ ಇರೋದ್ರಿಂದ ಜಿ4 ಎತ್ತರ ಅದರೊಳಗೇ ಕಳೆದುಹೋಗತ್ತೆ.

ಉಪ್ಪಿನ ಪ್ರಮಾಣನೂ ಇಲ್ಲೇ ನಿರ್ಧಾರ ಮಾಡ್ಕೊಳ್ಳಿ. ಒಂದು ಮಿಲಿಮೋಲಾರ್ ಉಪ್ಪಿನಲ್ಲಿ ಆವೇಶಗಳ ತಳ್ಳಾಟ ಸುಮಾರು 10 ನ್ಯಾನೋಮೀಟರ್ ದೂರಕ್ಕೆ ಮುಟ್ಟತ್ತೆ, 100 ಮಿಲಿಮೋಲಾರ್‌ನಲ್ಲಿ ಒಂದೇ ನ್ಯಾನೋಮೀಟರ್. ಜಿನೀವಾ ವಿಶ್ವವಿದ್ಯಾಲಯದಲ್ಲಿ ಬೊರ್ಕೊವೆಕ್ ಅವರ ಗುಂಪು ದೊಡ್ಡ ಡೆಂಡ್ರಿಮರ್‌ಗಳನ್ನ ಹೀಗೆ ಮೈಕಾ ಮೇಲೆ ಕೂರಿಸಿ, ಉಪ್ಪು ಬದಲಿಸಿದ್ರೆ ಅಣುಗಳ ನಡುವಿನ ಅಂತರ ಬದಲಾಗೋದನ್ನ ಎಎಫ್‌ಎಂನಲ್ಲೇ ತೋರಿಸಿತು. ಅಂದ್ರೆ ಕಡಿಮೆ ಉಪ್ಪಲ್ಲಿ ಪಮಾಮ್ ಗುಂಪಾಗಲ್ಲ, ದೂರ ದೂರ ಕೂರತ್ತೆ, ನಿಮ್ಮ ಚಿತ್ರದಲ್ಲಿ ಅಲ್ಲೂ ಗುಂಪು ಕಂಡ್ರೆ ಒಣಗಿಸಿದ ರೀತಿಯನ್ನ ಮೊದಲು ಅನುಮಾನಿಸಿ.

ಒಂದೇ ಸ್ಲಾಟ್ ಸಿಕ್ಕಿದ್ರೆ

ನಮ್ಮಲ್ಲಿ ಯಂತ್ರದ ಸಮಯವೇ ದುಬಾರಿ. ಐ-ಸ್ಟೆಮ್ ಪೋರ್ಟಲ್‌ನಲ್ಲಿ ಹುಡುಕಿದ್ರೆ ಬೆಂಗಳೂರೂ ಸೇರಿ ದೇಶದ ಬೇರೆ ಬೇರೆ ಸಂಸ್ಥೆಗಳ ಎಎಫ್‌ಎಂ, ಎಸ್‌ಇಎಂ, ಟಿಇಎಂ ಹೊರಗಿನವರಿಗೂ ಬುಕ್ ಮಾಡೋಕೆ ಸಿಗ್ತವೆ. ಐಐಎಸ್‌ಸಿಯಲ್ಲಂತೂ ಡೆಂಡ್ರಿಮರ್ ತಯಾರಿಸೋರೂ ಇದ್ದಾರೆ, ಹೈಪರ್‌ಬ್ರಾಂಚ್ಡ್ ಪಾಲಿಮರ್ ಮಾಡಿದವರೂ ಇದ್ದಾರೆ, ಪ್ರಬಲ್ ಮೈತಿ ಅವರು ಪಮಾಮ್‌ನ ಜಿ1ರಿಂದ ಜಿ11ರವರೆಗೆ ಕಂಪ್ಯೂಟರ್ ಸಿಮ್ಯುಲೇಷನ್ ಮಾಡಿದವರಲ್ಲಿ ಒಬ್ರು, ನಿಮ್ಮ ಚಿತ್ರದ ಆಕಾರವನ್ನ ಅಂಥ ಲೆಕ್ಕದ ಪಕ್ಕ ಇಟ್ಟು ನೋಡೋದು ಒಳ್ಳೇದು.

ಒಂದೇ ಯಂತ್ರ, ಒಂದೇ ದಿನ ಅಂದ್ರೆ ನಾನು ಟ್ಯಾಪಿಂಗ್ ಎಎಫ್‌ಎಂ ತಗೋತೀನಿ, ಮೈಕಾ ಮೇಲೆ, ತೊಳೆದ ಸ್ಯಾಂಪಲ್ ಮೂರು ಸಾಂದ್ರತೆಯಲ್ಲಿ, ಜೊತೆಗೆ ಬರೀ ಬಫರ್ ಒಂದು. ಎರಡನೇ ದಿನ ಸಿಕ್ರೆ ಅದೇ ಎಎಫ್‌ಎಂ ನೀರೊಳಗೆ. ಮೂರನೇದಕ್ಕೆ ದುಡ್ಡಿದ್ರೆ ಆಗ ಎಸ್‌ಇಎಂ. ಟಿಇಎಂ ಬೇಕಾಗೋದು ಲೈಟ್ ಸ್ಕ್ಯಾಟರಿಂಗ್‌ನಲ್ಲಿ ದ್ರಾವಣದಲ್ಲೇ ದೊಡ್ಡ ಕಣಗಳಿವೆ ಅಂತ ಸುಳಿವು ಸಿಕ್ಕಾಗ ಮಾತ್ರ.

ಚಿತ್ರ ಬಂದ ಮೇಲೆ ಗುಂಪು ಅಂತ ಬರೆಯೋ ಮುಂಚೆ ಇನ್ನೊಂದು ಪರೀಕ್ಷೆ ಬಾಕಿ ಇರತ್ತೆ. ಬಿಲ್ಲೆಗಳನ್ನ ಕಣ್ಣುಮುಚ್ಚಿ ಒಂದೊಂದಾಗಿ ಮೇಲ್ಮೈಗೆ ಎಸೆದು, ಒಂದರ ಮೇಲೊಂದು ಬೀಳಬಾರದು ಅನ್ನೋ ನಿಯಮ ಮಾತ್ರ ಇಟ್ರೂ, ಸುಮಾರು 54.7 ಪರ್ಸೆಂಟ್ ಜಾಗ ತುಂಬೋವರೆಗೂ ಹೋಗಬಹುದು, ಮತ್ತೆ ಅದಕ್ಕಿಂತ ತುಂಬ ಮುಂಚೆಯೇ, ಮೂವತ್ತು ಪರ್ಸೆಂಟ್ ಹೊತ್ತಿಗೇ, ಅಕ್ಕಪಕ್ಕ ಬಿದ್ದವು ಕಣ್ಣಿಗೆ ಗುಂಪಿನ ಹಾಗೇ ಕಾಣ್ತವೆ, ಯಾವ ಸೆಳೆತವೂ ಇಲ್ಲದೆ. ಹಾಗಾಗಿ ಅಷ್ಟೇ ಸಂಖ್ಯೆಯ ಕಣಗಳನ್ನ ಕಂಪ್ಯೂಟರ್‌ನಲ್ಲಿ ಯಾದೃಚ್ಛಿಕವಾಗಿ ಬೀಳಿಸಿ, ಹತ್ತಿರದ ನೆರೆಯ ದೂರದ ಹಿಸ್ಟೋಗ್ರಾಂ ಎರಡಕ್ಕೂ ಹಾಕಿ ಪಕ್ಕಪಕ್ಕ ಇಡಿ, ನಿಮ್ಮ ಗೆರೆ ಕಂಪ್ಯೂಟರ್ ಗೆರೆಗಿಂತ ಸ್ಪಷ್ಟವಾಗಿ ಎಡಕ್ಕೆ, ಅಂದ್ರೆ ಕಡಿಮೆ ದೂರದ ಕಡೆಗೆ, ಸರಿದಿದ್ರೆ ಗುಂಪು ಅಂತ ಬರೀರಿ, ಬಲಕ್ಕೆ ಸರಿದಿದ್ರೆ ಅಣುಗಳು ಒಂದನ್ನೊಂದು ತಳ್ತಿವೆ ಅಂತ ಬರೀರಿ. ರಿಪೋರ್ಟ್‌ನಲ್ಲಿ ಈ ಗ್ರಾಫ್ ಜೊತೆ ಟಿಪ್ ತ್ರಿಜ್ಯ, ಉಪ್ಪು, ಪಿಹೆಚ್, ಎಷ್ಟು ಹೊತ್ತು ಬಿಟ್ಟು ಎಷ್ಟು ಸಲ ತೊಳೆದ್ರಿ, ಹೇಗೆ ಒಣಗಿಸಿದ್ರಿ ಅನ್ನೋದನ್ನೂ ಹಾಕಿ.